ನೀಲಿ ನೀರಿನಲ್ಲಿ ತೇಲಿದ ಹನಿ

“ಅಕ್ಕಾರ, ಹೆದರಬ್ಯಾಡ್ರಿ, ಇಲ್ಲೆ ಕೂಡ್ರಿ. ಬೆರಳಿಗೆ ಒಂದು ಸೂಜಿ, ಇರುವಿ ಕಡದಂಗ, ಅಷ್ಟ. ಈ ಗ್ಲಾಸಿನ್ಯಾಗ ನೀಲಿ ನೀರು ಐತಿ ನೋಡ್ರಿ, ಇದು ಮೈಲುತುತ್ತದ ನೀರು. ನಮ್ಮ ಕಡೆ ದ್ರಾಕ್ಷಿಗೆ ಹೊಡೀತಾರಲ್ಲ, ಅದ. ಇದರಾಗ ನಿಮ್ಮ ರಕ್ತದ್ದು ಒಂದ ಹನಿ ಬಿಡ್ತೀನಿ. ಹನಿ ಕಲ್ಲಿನಂಗ ತಳಕ್ಕ ಹೋತಂದ್ರ ನಿಮ್ಮ ರಕ್ತ ಗಟ್ಟಿ ಐತಿ, ಒಂದು ಚೀಲ ದಾನ ಕೊಡಬಹುದು. ಮ್ಯಾಲ ತೇಲಿತಂದ್ರ ತೆಳ್ಳಗ ಐತಿ, ನಾ ತಗೊಳ್ಳಂಗಿಲ್ಲ. ನೀವು ಬೈದ್ರೂ ತಗೊಳ್ಳಂಗಿಲ್ಲ. ನಮ್ಮವ್ವಂದೂ ಹಿಂಗ ತೇಲ್ತಿತ್ತು. ಏಳು ಮಂದಿಗೆ ಉಣಿಸಿ, ಗಡಗಿ ತಳದಾಗ ಏನ್ ಉಳೀತಿತ್ತೋ ಅದನ್ನ ತಾ ಉಣ್ತಿದ್ದಳು. ತೇಲಿದ್ರ ನಾಚಕೋಬ್ಯಾಡ್ರಿ, ಅದು ನಿಮ್ಮ ತಪ್ಪಲ್ಲ. ಗುಳಿಗಿ ಕೊಡ್ತೀನಿ, ನೂರು ದಿನ ನುಂಗ್ರಿ. ಮತ್ತ ಬಂದು ನೋಡ್ತೀನಿ. ನಾ ಸುಳ್ಳು ಹೇಳಬಹುದು, ಈ ನೀರು ಹೇಳಂಗಿಲ್ಲ.”

ಹೋದ ವರ್ಷ ಮಾರ್ಚ್ ತಿಂಗಳಲ್ಲಿ, ಕಾಮಾಕ್ಷಿಪಾಳ್ಯದ ಒಂದು ಗಾರ್ಮೆಂಟ್ಸ್ ಶೆಡ್ಡಿನಲ್ಲಿ, ಸಾಲು ನಿಂತ ಹೆಂಗಸರಿಗೆ ಗುರುದೇವಿ ಹೀಗೆ ಹೇಳಿದ್ದಳು. ಮುಧೋಳದ ಕಡೆಯ ಹುಡುಗಿ, ವಯಸ್ಸು ಇಪ್ಪತ್ತೆಂಟು. ರಾಜಾಜಿನಗರದ ಒಂದು ಆಸ್ಪತ್ರೆಯ ಬ್ಲಡ್ ಬ್ಯಾಂಕಿನಲ್ಲಿ ಆರು ವರ್ಷದಿಂದ ಟೆಕ್ನಿಷಿಯನ್. ಅದೇ ಕಾಮಾಕ್ಷಿಪಾಳ್ಯದಲ್ಲಿ ಮುನಿತಾಯಮ್ಮ ಎಂಬುವರ ಮನೆಯ ಮಹಡಿಯ ಮೇಲೆ ಒಂದು ಕೋಣೆ ಮಾಡಿಕೊಂಡಿದ್ದಳು.

ಆ ದಿನ ತೇಲಿದವರು ಎಂಬತ್ತಾರು ಮಂದಿ. ಜುಲೈಯಲ್ಲಿ ಮತ್ತೆ ಹೋದಾಗ ಅವರಲ್ಲಿ ಐವತ್ತೆರಡು ಮಂದಿ ಸಿಕ್ಕರು. ನಲವತ್ತೊಂದು ಮಂದಿಯ ಹನಿ ತಳ ಸೇರಿತು. ಗುರುದೇವಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಬ್ಲಡ್ ಬ್ಯಾಂಕಿನ ಡಾಕ್ಟರು ಶಶಿಕಲಾ, ಗುರುದೇವಿ ಬರೆದಿಟ್ಟದ್ದನ್ನೆಲ್ಲ ಓದಿ, ಇಂಗ್ಲಿಷಿನಲ್ಲಿ ಒಂದು ಪುಟಕ್ಕೆ ಇಳಿಸಿ, ಅವಳ ಹೆಸರನ್ನೇ ಮೊದಲು ಹಾಕಿ, ಲಿಸ್ಬನ್ ಎಂಬ ಊರಿನಲ್ಲಿ ನಡೆಯುವ ದೊಡ್ಡ ಸಮ್ಮೇಳನಕ್ಕೆ ಕಳಿಸಿದರು. ರಕ್ತ ಕೂಡಿಡುವವರು, ರಕ್ತ ಏರಿಸುವವರು ನಾನಾ ದೇಶಗಳಿಂದ ಬಂದು ಸೇರುವ ಸಮ್ಮೇಳನ ಅದು. ಚಿಕ್ಕ ವಯಸ್ಸಿನವರು ಹನ್ನೆರಡು ಮಂದಿಯನ್ನು ಆರಿಸಿ ಅವರ ವಿಮಾನದ ಖರ್ಚು, ಊಟ, ವಸತಿ ಎಲ್ಲಕ್ಕೂ ಸಮ್ಮೇಳನದವರೇ ಗ್ರಾಂಟ್ ಕೊಡುತ್ತಾರೆ. ಆ ಹನ್ನೆರಡರಲ್ಲಿ ಗುರುದೇವಿಯೂ ಒಬ್ಬಳು. ಅದೂ ಅಲ್ಲದೆ ವೇದಿಕೆ ಹತ್ತಿ ಹತ್ತು ನಿಮಿಷ ಮಾತಾಡುವ ಅವಕಾಶ ಬೇರೆ.

ಜೊತೆಯಲ್ಲಿ ಕೆಲಸ ಮಾಡುವ ಆನಂದ್ ಅವಳನ್ನು ಸುಮ್ಮನೆ ಬಿಡಲಿಲ್ಲ. “ಏನ್ ಮೇಡಂ, ಇನ್ಮೇಲೆ ನಿಮ್ ಹತ್ರ ಕಾಟನ್ ಕೇಳ್ಬೇಕಂದ್ರೂ ಅಪಾಯಿಂಟ್‌ಮೆಂಟ್ ತಗೋಬೇಕಾ?” ಎನ್ನುತ್ತಿದ್ದ. ಮುನಿತಾಯಮ್ಮ ಬೀದಿಗೆಲ್ಲ ಡಂಗುರ ಹೊಡೆದು, ತಮ್ಮ ಅಳಿಯನ ಸೂಟ್‌ಕೇಸು ತರಿಸಿಕೊಟ್ಟು, “ಅಲ್ಲಿ ಅನ್ನ ಸಿಗುತ್ತೇನೇ? ಇಲ್ದಿದ್ರೆ ಪುಳಿಯೋಗರೆ ಗೊಜ್ಜು ಕಟ್ಕೊಡ್ತೀನಿ ಕಣೇ” ಎಂದರು.

ಹೊರಡಲು ಹತ್ತು ದಿನ ಇತ್ತು. ವೇದಿಕೆಯ ಮೇಲೆ ಬರೀ ಅಂಕಿ ತೋರಿಸಿದರೆ ಚೆನ್ನಾಗಿರುವುದಿಲ್ಲ, ಒಬ್ಬ ಹೆಂಗಸಿನ ಮುಖವೂ ಇರಲಿ ಎಂದುಕೊಂಡು ಗುರುದೇವಿ ಭಾನುವಾರ ಬೆಳಿಗ್ಗೆ ಶಾಂತವ್ವನ ಮನೆಗೆ ಹೋದಳು. ಶಾಂತವ್ವ ಅದೇ ಗಾರ್ಮೆಂಟ್ಸಿನಲ್ಲಿ ಟೈಲರ್. ಇಲಕಲ್ಲಿನ ಕಡೆಯವಳು, ಹಿಂದಿನ ಬೀದಿಯಲ್ಲಿ ವಾಸ.

“ನನ್ನ ಮಾರಿ ಆ ದೇಶದಾಗ ನೋಡಿ ಯಾರಿಗೇನ್ ಆಗಬೇಕೈತೆವಾ?” ಎಂದಳು ಶಾಂತವ್ವ.

“ಗುಳಿಗಿ ನುಂಗಿ ಗಟ್ಟಿ ಆದಾಕಿ ಅಂತ ತೋರಸ್ತೀನಿ.”

ಶಾಂತವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ಎದ್ದು ಹೋಗಿ, ದೇವರ ಫೋಟೋದ ಹಿಂದಿನಿಂದ ಒಂದು ಪ್ಲಾಸ್ಟಿಕ್ ಚೀಲ ತಂದು ನೆಲಕ್ಕೆ ಸುರಿದಳು. ಕೆಂಪು ಗುಳಿಗೆಯ ಹಾಳೆಗಳು, ಒಂದೆರಡು ಬಿಟ್ಟರೆ ಉಳಿದವೆಲ್ಲ ಒಡೆಯದೆ ಹಾಗೇ ಇದ್ದವು.

“ಇವೇನ ನಿನ್ನ ಗುಳಿಗಿ? ಎರಡ ದಿನ ನುಂಗಿದೆ. ಹೊಟ್ಟಿ ಕಲ್ಲಾತು, ಬಾಯಿ ತುಕ್ಕು ನೆಕ್ಕಿದಂಗಾತು. ಬಿಟ್ಟೆ. ನೀ ಬಡಕೋತಿ ಅಂತ ಹೇಳಿರಲಿಲ್ಲ.”

“ಮತ್ತ ಬೀಟ್ರೂಟು, ಶೇಂಗಾ ಬೆಲ್ಲ ತಿಂದ್ಯೋ ಇಲ್ಲೊ?”

“ನಾ ಏನ್ ಸಾವ್ಕಾರ್ತಿ ಏನ? ಅದ ರೊಟ್ಟಿ, ಅದ ಪುಂಡಿಪಲ್ಯ. ನನ್ನ ರಕ್ತ ತಾನ ಗಟ್ಟಿ ಆಗೇತಿ ನೋಡು. ಸುಮ್ನ ನಾಕ್ ತಿಂಗಳು ನನ್ನ ಮಷೀನ್ ಬಿಡಿಸಿದ್ರು.”

“ಬಿಡಿಸಿದ್ರು? ಯಾರು?”

“ಸೂಪರ್‌ವೈಜರ್. ‘ನೀ ರಕ್ತ ಇಲ್ದಾಕಿ, ತಲಿ ತಿರುಗಿ ಬಿದ್ರ ನಮ್ಮ ಕೊಳ್ಳಿಗೆ ಬರ್ತೈತಿ’ ಅಂತ ದಾರ ಕತ್ತರಿಸಾಕ ಕೂಡಿಸಿದ. ಹನ್ನೊಂದು ವರ್ಷ ಮಷೀನ್ ತುಳದಾಕಿ ನಾ, ಮೊನ್ನೆ ಬಂದ ಹುಡುಗೀರ ಜೋಡಿ ಕೂತು ದಾರ ಕತ್ತರಿಸಿದೆ. ನಿನ್ನ ಗ್ಲಾಸಿನ್ಯಾಗ ಮುಳುಗಿದ ಮ್ಯಾಲ ಮಷೀನ್ ಕೊಟ್ಟ, ಪುಣ್ಯಾತ್ಮ. ಹೂಂ, ಫೋಟೋ ಹೊಡಿ, ಹೊಡಿ.”

ಗುರುದೇವಿ ಫೋಟೋ ತೆಗೆದಳು. ಗುಳಿಗೆ ನುಂಗದೆ, ಊಟ ಬದಲಾಗದೆ, ರಕ್ತ ತಾನಾಗಿ ಹೇಗೆ ಗಟ್ಟಿಯಾಯಿತು?

ಆ ಭಾನುವಾರ ಅವಳು ಕಾಲು ಸುಟ್ಟ ಬೆಕ್ಕಿನಂತೆ ಬೀದಿ ಬೀದಿ ಸುತ್ತಿದಳು. ಜುಲೈಯಲ್ಲಿ ಮುಳುಗಿದವರಲ್ಲಿ ಒಂಬತ್ತು ಮಂದಿ ಮನೆಯಲ್ಲಿ ಸಿಕ್ಕರು. ಆಣೆ ಮಾಡಿಸಿ ಕೇಳಿದಳು. ಆರು ಮಂದಿ ಮೊದಲ ವಾರವೇ ಗುಳಿಗೆ ಬಿಟ್ಟಿದ್ದರು. ಒಬ್ಬಳಂತೂ ಗುಲಾಬಿ ಗಿಡದ ಬುಡಕ್ಕೆ ಹಾಕಿದ್ದಳು. “ಹೂವ ಚೆನ್ನಾಗ್ ಬಿಡ್ತು ಅಕ್ಕಾ” ಎಂದಳು.

ಸೋಮವಾರ ಬಸ್ಸಿನಲ್ಲಿ ನಿಂತೇ ಯೋಚಿಸಿದಳು. ಆಸ್ಪತ್ರೆಯ ಸ್ಟಾಪು ದಾಟಿ ಹೋದದ್ದೂ ತಿಳಿಯಲಿಲ್ಲ. ಇಳಿದು ವಾಪಸು ನಡೆಯುವಾಗ ಮಾರ್ಚಿನ ಆ ಶೆಡ್ಡು ಕಣ್ಣ ಮುಂದೆ ಬಂತು. ತಗಡಿನ ಸೂರು, ಇಸ್ತ್ರಿಪೆಟ್ಟಿಗೆಗಳ ಹಬೆ. ಅವಳ ಮೇಜಿನ ತುಂಬ ಬಿಸ್ಕತ್ತು, ಜ್ಯೂಸಿನ ಪ್ಯಾಕೆಟ್ಟು ಪೇರಿಸಿಟ್ಟಿದ್ದರು. ಜಾಗವಿಲ್ಲವೆಂದು ಅವಳು ನೀಲಿ ನೀರಿನ ಅಗಲ ಬಾಯಿಯ ಜಾಡಿಯನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದಳು. ಮುಚ್ಚಳ ಎಲ್ಲೋ ಉರುಳಿಹೋಗಿತ್ತು, ಹುಡುಕಲು ಪುರುಸೊತ್ತಿರಲಿಲ್ಲ. ಇಪ್ಪತ್ತೈದು ಹನಿಗೆ ಒಂದು ಸಲ ಗ್ಲಾಸಿನ ನೀರು ಬದಲಿಸಬೇಕು ಎಂಬುದು ಅವರ ಕಸುಬಿನ ನಿಯಮ. ಗುರುದೇವಿ ಅದನ್ನು ಒಂದು ಹನಿಯೂ ತಪ್ಪದೆ ಎಣಿಸಿ ಪಾಲಿಸಿದ್ದಳು. ಆದರೆ ಬದಲಿಸಿ ಹಾಕಿದ್ದು ಅದೇ ಜಾಡಿಯ ನೀರು. ಅದರ ಮೇಲೆ ಬೆಳಗಿನಿಂದ ಬಿಸಿಲು ಬಿದ್ದಿತ್ತು. ನೀರು ಆವಿಯಾದರೆ ಮೈಲುತುತ್ತ ಉಳಿಯುತ್ತದೆ. ಸಾರು ಕುದಿದಷ್ಟೂ ಉಪ್ಪಾಗುವುದಿಲ್ಲವೇ, ಹಾಗೆ. ನೀರು ಭಾರವಾದರೆ ಗಟ್ಟಿ ರಕ್ತವೂ ತೇಲುತ್ತದೆ.

ಜುಲೈಯಲ್ಲಿ ಮೋಡ ಮುಸುಕಿತ್ತು.

ಮರುದಿನ ಆಸ್ಪತ್ರೆಯ ತಾರಸಿಯ ಮೇಲೆ ಅದೇ ಥರದ ಜಾಡಿಯನ್ನು, ಮುಚ್ಚಳವಿಲ್ಲದೆ, ಹತ್ತು ಗಂಟೆಗೆ ಇಟ್ಟಳು. ಎರಡು ಗಂಟೆಗೆ ಕೆಳಗೆ ತಂದಳು. ಪಕ್ಕದಲ್ಲಿ ಹೊಸ ನೀರಿನ ಗ್ಲಾಸು.

“ಏನ್ ಗುರು ಇದು, ಹಪ್ಪಳ ಒಣಗಿಸ್ತಿದೀರಾ?” ಎಂದ ಆನಂದ್.

“ಸುಮ್ನಿರಣ್ಣ. ನನ್ ಬೆರಳು ಚುಚ್ಚು.”

ಮೊದಲು ಆಸ್ಪತ್ರೆಯ ಹಿಮೋಗ್ಲೋಬಿನ್ ಮಿಷನ್ನಿನಲ್ಲಿ ನೋಡಿದರು. ಹದಿಮೂರು ಪಾಯಿಂಟ್ ಒಂದು. ಹನ್ನೆರಡೂವರೆ ಇದ್ದರೆ ಸಾಕು, ಅವಳದು ಗಟ್ಟಿ ರಕ್ತವೇ. ಹೊಸ ನೀರಿಗೆ ಬಿಟ್ಟ ಹನಿ ನೆಟ್ಟಗೆ ತಳಕ್ಕೆ ಹೋಯಿತು. ಬಿಸಿಲಿನ ನೀರಿಗೆ ಬಿಟ್ಟ ಹನಿ ಒಂದು ಬೆರಳಿನಷ್ಟು ಇಳಿಯಿತು, ನಿಂತಿತು, ಮೆಲ್ಲಗೆ ಮೇಲೆ ಬಂತು.

ಆನಂದನ ತಮಾಷೆ ನಿಂತುಹೋಯಿತು. “ಅಯ್ಯೋ” ಎಂದ. ಬಾಗಿಲ ಕಡೆ ಒಮ್ಮೆ ನೋಡಿ, “ಯಾರಿಗೂ ಹೇಳ್ಬೇಡ ಕಣಮ್ಮಾ. ಹೋಗ್ಬಿಟ್ಟು ಬಾ. ಅಲ್ಲಿ ಯಾರು ಬಂದು ನಿನ್ ಜಾಡಿ ನೋಡ್ತಾರೆ?” ಎಂದ.

ಯಾರೂ ನೋಡುವುದಿಲ್ಲ, ನಿಜ. ಟಿಕೆಟ್ಟು ಬಂದಾಗಿತ್ತು. ಊರಲ್ಲಿ ಅವ್ವ ಐದು ಮನೆಗೆ ಸಕ್ಕರೆ ಹಂಚಿದ್ದಳು. ಆದರೆ ವೇದಿಕೆಯ ಮೇಲೆ ನಿಂತು ಶಾಂತವ್ವನ ಫೋಟೋ ತೋರಿಸಿ, ಗುಳಿಗೆಯಿಂದ ಗಟ್ಟಿಯಾದವಳು ಎನ್ನುವುದು ಹೇಗೆ? ಊಟ ಸೇರಲಿಲ್ಲ. ಕೋಣೆಯಲ್ಲಿ ಸೂಟ್‌ಕೇಸು ತೆರೆದು ಬಟ್ಟೆ ಜೋಡಿಸುವುದು, ಮತ್ತೆ ತೆಗೆದು ಗೂಟಕ್ಕೆ ಹಾಕುವುದು. ಬುಧವಾರ ಡಾಕ್ಟರ ಕೋಣೆಗೆ ಹೋಗಿ ನಿಂತುಕೊಂಡೇ ಎಲ್ಲ ಹೇಳಿದಳು.

ಶಶಿಕಲಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಎಂಬತ್ತಾರು ಜನಾನೂ ತಪ್ಪು ಅಂತ ಹೇಗೆ ಹೇಳ್ತೀಯಾ? ಕೆಲವರಿಗೆ ನಿಜವಾಗ್ಲೂ ಕಡಿಮೆ ಇದ್ದಿರುತ್ತೆ.”

“ಅದ ಮೇಡಂ, ಯಾರಿಗಿತ್ತು ಯಾರಿಗಿರ್ಲಿಲ್ಲ ಅಂತ ಈಗ ನನಗೂ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ.”

“ಗ್ರಾಂಟ್ ಹೋಗ್ಬಹುದು, ಗುರುದೇವಿ. ಇನ್ನೊಂದ್ಸಲ ಸಿಗುತ್ತೆ ಅಂತ ನಾನು ಮಾತು ಕೊಡೋಕಾಗಲ್ಲ. ನನ್ ಹೆಸರೂ ಅದರಲ್ಲಿದೆ.”

“ಗೊತ್ತ್ರಿ ಮೇಡಂ.”

ಡಾಕ್ಟರು ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿ, “ಸಮ್ಮೇಳನದವರಿಗೆ ನೀನೇ ಬರಿ. ಇಂಗ್ಲಿಷ್ ನಾನು ತಿದ್ದುತೀನಿ” ಎಂದರು.

ಮೊದಲ ಉತ್ತರ ಮರುದಿನವೇ ಬಂತು. ವೇದಿಕೆಯ ಮಾತು ರದ್ದು. ಗ್ರಾಂಟಿನ ವಿಷಯ ಸಮಿತಿ ಸೇರಿ ತಿಳಿಸುತ್ತದೆ. ಆಮೇಲೆ ಮೂರು ದಿನ ಸದ್ದಿಲ್ಲ. ಆ ಮೂರು ದಿನ ಗುರುದೇವಿ ಕೆಲಸದ ನಡುವೆ ಎಷ್ಟು ಸಲ ಫೋನು ತೆಗೆದು ನೋಡಿದಳೋ ಲೆಕ್ಕವಿಲ್ಲ. ಹನ್ನೆರಡು ಮಂದಿಯದೊಂದು ವಾಟ್ಸಾಪ್ ಗುಂಪು ಇತ್ತು, ಅದರಲ್ಲಿ ಘಾನಾ ದೇಶದ ಅಮಾ ಎಂಬ ಹುಡುಗಿ, “ನಿನ್ನ ವಿಮಾನ ಎಷ್ಟು ಹೊತ್ತಿಗೆ?” ಎಂದು ಕೇಳಿದ್ದಳು. ಏನು ಉತ್ತರ ಕೊಡುವುದು? ಕೊಡಲಿಲ್ಲ. ಶಾಂತವ್ವನ ಬೀದಿಯನ್ನಂತೂ ತುಳಿಯಲೇ ಇಲ್ಲ. ಬಸ್ ಸ್ಟಾಪಿಗೆ ಸುತ್ತು ಹಾಕಿ ಹೋದಳು. “ಯಾಕೇ, ಫಾರಿನ್ನು ಅಂತ ಹೆದ್ರಿಕೆನಾ?” ಎಂದು ಮುನಿತಾಯಮ್ಮ ಕೇಳಿದರೆ ಹೂಂ ಅಂದಳು.

ನಾಲ್ಕನೆಯ ದಿನ ಉತ್ತರ ಬಂತು. ನಡೆದದ್ದನ್ನು ನಡೆದ ಹಾಗೆ ಒಂದು ಹಾಳೆಯ ಮೇಲೆ ಅಚ್ಚು ಹಾಕಿಸಿ ಗೋಡೆಗೆ ಅಂಟಿಸುವುದಾದರೆ ಬರಬಹುದು. ಹೊರಡಲು ಎರಡೇ ದಿನ ಉಳಿದಿತ್ತು. ಅವಳೂ ಡಾಕ್ಟರೂ ಕೂತು ಎಲ್ಲವನ್ನೂ ಹೊಸದಾಗಿ ಬರೆದರು. ಶಾಂತವ್ವನ ಮುಖ ತೆಗೆದರು. ಆ ಜಾಗದಲ್ಲಿ ಎರಡು ಗ್ಲಾಸಿನ ಚಿತ್ರ ಬಂತು.

ಲಿಸ್ಬನ್ನಿನ ಆ ಸಭಾಂಗಣದಲ್ಲಿ ಅವಳಿಗೆ ಸಿಕ್ಕಿದ್ದು ಕಾಫಿ ಮೇಜಿನಿಂದ ದೂರದ ಮೂಲೆ. ಸೀರೆ ಉಟ್ಟು, ಕತ್ತಿಗೆ ಹೆಸರಿನ ಚೀಟಿ ಹಾಕಿಕೊಂಡು ಎರಡು ಗಂಟೆ ನಿಂತಳು. ಬಂದವರು ತಲೆಬರಹ ಓದಿ, ನಕ್ಕು, ಮುಂದೆ ಹೋದರು. ಒಬ್ಬ ಹಿರಿಯರು, “ಈಗ ಯಾರು ಈ ನೀಲಿ ನೀರು ಬಳಸುತ್ತಾರೆ?” ಎಂದು ಕೇಳಿದರು. “ನಾವು ಬಳಸ್ತೀವಿ, ಸಾರ್” ಎಂದಳು ಗುರುದೇವಿ, ತನ್ನ ಇಂಗ್ಲಿಷಿನಲ್ಲಿ. ಅವರು ತಲೆಯಾಡಿಸಿ ನಡೆದರು.

ಕೊನೆಗೆ ಅಮಾ ಬಂದಳು, ಕೈಯಲ್ಲಿ ಎರಡು ಕಾಫಿ ಹಿಡಿದುಕೊಂಡು. ಓದುತ್ತ ಓದುತ್ತ ಅವಳ ನಗು ಇಳಿಯಿತು.

“ಎಷ್ಟು ಹೊತ್ತು ಬಿಸಿಲಲ್ಲಿತ್ತು?”

“ನಾಲ್ಕು ಗಂಟೆ.”

“ನಮ್ಮದು ಇಡೀ ದಿನ ಇರುತ್ತದೆ. ಮರದ ಕೆಳಗೆ ಮೇಜು ಹಾಕುತ್ತೇವೆ; ನೆರಳು ಸರಿದುಹೋಗುತ್ತದೆ.” ಅಮಾ ಕಾಫಿಯನ್ನು ನೆಲದ ಮೇಲಿಟ್ಟು ಫೋನು ತೆಗೆದಳು. ತನ್ನ ಆಸ್ಪತ್ರೆಯ ಯಾರಿಗೋ ಅಲ್ಲೇ ನಿಂತು ಫೋನು ಮಾಡಿದಳು, ಎತ್ತಲಿಲ್ಲ, ಮತ್ತೆ ಮಾಡಿದಳು. ಆ ಚಡಪಡಿಕೆ ಗುರುದೇವಿಗೆ ಚೆನ್ನಾಗಿ ಗೊತ್ತಿತ್ತು. ಅವಳ ಭುಜದ ಮೇಲೆ ಕೈಯಿಟ್ಟಳು.

ಊರಿಗೆ ಬಂದ ಮಾರನೆಯ ದಿನ ಸಂಜೆ ಗುರುದೇವಿ ಶಾಂತವ್ವನ ಬೀದಿಗೆ ಹೋದಳು. ಶಾಂತವ್ವ ಹೊಸ್ತಿಲಲ್ಲಿ ಮೆಂತೆಸೊಪ್ಪಿನ ಕಟ್ಟು ಬಿಚ್ಚಿಕೊಂಡು ಕೂತಿದ್ದಳು. ಗುರುದೇವಿ ಜಾಡಿ, ಕಿಟಕಿ, ಬಿಸಿಲು, ಒಂದನ್ನೂ ಬಿಡದೆ ಹೇಳಿದಳು.

“ಅಂದ್ರ ನನ್ನ ರಕ್ತ ಮೊದಲ ಗಟ್ಟಿ ಇತ್ತು?”

“ಇತ್ತು ಅಂತ ಅನಸ್ತೈತಿ. ಖಾತ್ರಿ ಹೇಳಾಕ ಬರಂಗಿಲ್ಲ.”

“ನಾಕ್ ತಿಂಗಳು ದಾರ ಕತ್ತರಿಸಿದ್ದು ನಿನ್ನ ನೀರಿನ ಸಂಬಂಧ.”

“ಹೌದು ಯಕ್ಕಾ.”

ಶಾಂತವ್ವ ಅವಳ ಮುಖವನ್ನೇ ನೋಡಿದಳು. “ಮತ್ತ ಆ ದೇಶದವರಿಗೆ ಮೊದಲ ಹೇಳಿ, ನನಗ ಆಮ್ಯಾಲ ಹೇಳಾಕ ಬಂದೀಯೇನ?”

ಗುರುದೇವಿ ಇಷ್ಟು ದಿನ ಎಲ್ಲ ಯೋಚಿಸಿದ್ದಳು, ಇದೊಂದನ್ನು ಯೋಚಿಸಿರಲಿಲ್ಲ. ತಲೆ ತಗ್ಗಿಸಿ, “ಸೋಮವಾರ ಫ್ಯಾಕ್ಟರಿಗೆ ಬರ್ತೀನಿ. ಸೂಪರ್‌ವೈಜರ್‌ಗೂ ಹೇಳ್ತೀನಿ, ತೇಲಿದವರಿಗೆಲ್ಲಾ ಹೇಳ್ತೀನಿ” ಎಂದಳು.

“ಊಟದ ಗಂಟೆಗೆ ಬಾ, ಎಲ್ಲಾರೂ ಇರ್ತಾರ. ಮೆತ್ತಗ ಹೇಳಬ್ಯಾಡ, ಅಂವಗ ಕೇಳಿಸಂಗ ಹೇಳು.” ಶಾಂತವ್ವ ಸೊಪ್ಪಿನ ಅರ್ಧ ರಾಶಿಯನ್ನು ಅವಳ ಕಡೆ ದೂಡಿದಳು. “ಕೂಡು. ಎಲಿ ಅಷ್ಟ ಬಿಡಸು, ದಂಟು ಬಿಟ್ಟೀಯ ಮತ್ತ.”

ಗುರುದೇವಿ ಚಪ್ಪಲಿ ಬಿಟ್ಟು ಹೊಸ್ತಿಲ ಈಚೆ ಕೂತಳು. ಒಂದೊಂದೇ ಕಡ್ಡಿ ತೆಗೆದು, ಎಲೆಯನ್ನು ಮೊರಕ್ಕೆ ಹಾಕಿ, ದಂಟನ್ನು ಹಾಳೆಯ ಮೇಲೆ ಹಾಕುತ್ತ ಹೋದಳು.