ಕೆಂಪು ಬಟ್ಟೆ ಕಟ್ಟದ ಗಾಡಿ

ನಮ್ಮನೆಯವರನ್ನು ಬೀದಿಯವರೆಲ್ಲ ಹೊಗೆರಾಯರು ಅಂತಾರೆ. ಅವರು ಬೆನ್ನ ಹಿಂದೆ ಅಂತಾರೆ, ನಾನು ಎದುರಿಗೇ ಅಂತೀನಿ. ಹೊಟ್ಟೆಪಾಡಿಗೆ ನೀರಿನ ಮೀಟರ್ ಓದೋ ಕೆಲಸ. ದಿನವಿಡೀ ಕಂಡವರ ಗೇಟು ತಟ್ಟಿ, ನಾಯಿಗಳ ಹತ್ತಿರ ಬೊಗಳಿಸಿಕೊಂಡು ಸಂಜೆ ಬರೋ ಮನುಷ್ಯ, ಹೆಂಡತಿ ಮುಖ ನೋಡೋದಕ್ಕೆ ಮುಂಚೆ ಹಿಂದಿನ ಕೋಣೆಗೆ ಹೋಗಿ ನಿಲ್ಲುತ್ತಾರೆ. ಅಲ್ಲಿ ಯಾವತ್ತೂ ಒಂದು ಹಳೇ ಟೂ ಸ್ಟ್ರೋಕ್ ಬೈಕು ಕೈಕಾಲು ಕಳಚಿಕೊಂಡು ಮಲಗಿರುತ್ತದೆ. ಯಾರದೋ ಶೆಡ್ಡಿನಲ್ಲಿ ತುಕ್ಕು ಹಿಡಿದು, ಬೆಕ್ಕು ಮರಿ ಹಾಕೋದಕ್ಕೆ ಜಾಗವಾಗಿದ್ದ ಗಾಡಿಯನ್ನು ಎಳೆದು ತಂದು ಹೊಸದು ಮಾಡಿ ಕಳಿಸೋದು ಇವರ ಹುಚ್ಚು.

ಈ ಹುಚ್ಚಿಗೆ ನನ್ನ ಅಡುಗೆಮನೆಯೂ ಬಲಿ. ಫ್ರಿಜ್ಜಿನಲ್ಲಿ ಐಸ್ ಟ್ರೇ ಪಕ್ಕ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬೇರಿಂಗು. ಒಲೆ ಮೇಲೆ ಎಂಜಿನ್ನಿನ ಚಿಪ್ಪು. ಚಿಪ್ಪು ಕಾದು ಹಿಗ್ಗಬೇಕಂತೆ, ಬೇರಿಂಗು ತಣ್ಣಗಾಗಿ ಕುಗ್ಗಬೇಕಂತೆ, ಆಗ ಸುತ್ತಿಗೆ ಏಟಿಲ್ಲದೆ ಟಕ್ ಅಂತ ಕೂರುತ್ತಂತೆ. ಕೂತಾಗ ಇವರ ಮುಖ ನೋಡಬೇಕು! ನಮ್ಮ ಮಗಳು ಹುಟ್ಟಿದಾಗಲೂ ಅಷ್ಟು ಅರಳಿರಲಿಲ್ಲ. ಒಣಹಾಕಿದ ಬಟ್ಟೆಗೆಲ್ಲ ಹೊಗೆ ವಾಸನೆ ಹಿಡಿದರೆ ನಾನು ಬಾಯಿ ಮಾಡುತ್ತೇನೆ. ಇವರು ಕೋಲೆ ಬಸವನ ಹಾಗೆ ತಲೆ ಆಡಿಸಿ ಮತ್ತೆ ಕಿಕ್ಕು ಹೊಡೆಯುತ್ತಾರೆ.

ಇಷ್ಟು ವರ್ಷ ಪಕ್ಕದಲ್ಲೇ ಇದ್ದು ನನಗೂ ಒಂದಿಷ್ಟು ತಿಳಿದಿದೆ. ಈ ಗಾಡಿಗಳು ಬರೀ ಪೆಟ್ರೋಲ್ ಕುಡಿಯೋದಿಲ್ಲ, ಜೊತೆಗೆ ಎಣ್ಣೆಯೂ ಬೇಕು. ಎಣ್ಣೆ ತಪ್ಪಿದರೆ ಒಳಗಿನ ಪಿಸ್ಟನ್ ಒಣಗಿ ಕಚ್ಚಿಕೊಳ್ಳುತ್ತದೆ, ಓಡುತ್ತಿದ್ದ ಚಕ್ರ ನಿಂತಲ್ಲೇ ನಿಲ್ಲುತ್ತದೆ, ಮೇಲೆ ಕೂತವನ ಗತಿ ದೇವರೇ ಕಾಯಬೇಕು. ಕೆಲವು ಗಾಡಿಗಳಲ್ಲಿ ಸೀಟಿನ ಕೆಳಗೆ ಪುಟ್ಟ ಎಣ್ಣೆ ಡಬ್ಬಿ, ಎಣ್ಣೆ ಎಷ್ಟಿದೆ ನೋಡೋದಕ್ಕೆ ಅದಕ್ಕೊಂದು ಗಾಜಿನ ಕಣ್ಣು, ಎಣ್ಣೆ ತಳ್ಳೋದಕ್ಕೆ ಒಂದು ಪಂಪು. ಹಳೇ ಪಂಪು ಯಾವಾಗ ಕೈ ಕೊಡುತ್ತೋ ಹೇಳೋಕಾಗಲ್ಲ ಅಂತ ಇವರು ಅದನ್ನು ಕಿತ್ತು, ಆ ತೂತು ಮುಚ್ಚಿಬಿಡುತ್ತಾರೆ. ಅಲ್ಲಿಂದಾಚೆ ಸವಾರನೇ ಎಣ್ಣೆಯನ್ನು ಪೆಟ್ರೋಲಿಗೆ ಬೆರೆಸಿ ಹಾಕಬೇಕು. ಆದರೆ ಆ ಡಬ್ಬಿ ಮಾತ್ರ ಕೀಳೋದಿಲ್ಲ. "ಕಾರ್ಖಾನೆ ಬಿಟ್ಟಾಗ ಹೇಗಿತ್ತೋ ಹಾಗೇ ಕಾಣಬೇಕು ಕಣೇ" ಅಂತಾರೆ. ಖಾಲಿ ಬಿಟ್ಟರೆ ಗಾಜಿನ ಕಣ್ಣು ಕುರುಡಾಗಿ ಕಾಣುತ್ತಂತೆ, ಅದಕ್ಕೆ ಎಣ್ಣೆಯನ್ನೂ ತುಂಬುತ್ತಾರೆ. ಆ ಎಣ್ಣೆ ಎಲ್ಲಿಗೂ ಹೋಗಲ್ಲ, ಬರೀ ಶೋಕಿ.

ಗಾಡಿ ಒಪ್ಪಿಸುವಾಗ ಇವರದೊಂದು ಕ್ರಮ ಇದೆ. ನನ್ನ ಹಳೇ ಕೆಂಪು ಪರದೆಯಿಂದ ಹರಿದ ಒಂದು ಚೂರನ್ನು ಪೆಟ್ರೋಲ್ ಮುಚ್ಚಳಕ್ಕೆ ಬಿಗಿಯಾಗಿ ಕಟ್ಟುತ್ತಾರೆ. ಕಟ್ಟುತ್ತಾ ಪಾಠ ಒಪ್ಪಿಸುತ್ತಾರೆ: "ನೋಡಿ, ಆ ಡಬ್ಬಿ ಎಣ್ಣೆ ಬರೀ ಚಂದಕ್ಕೆ. ಪೆಟ್ರೋಲ್ ಹಾಕಿಸಿದಾಗೆಲ್ಲ ಎಣ್ಣೆ ಬೆರೆಸಿ. ಈ ಕೆಂಪು ಕಂಡರೆ ಅದು ನೆನಪಾಗ್ಬೇಕು." ಕೇಳಿ ಕೇಳಿ ನನಗೂ ಬಾಯಿಪಾಠ. ಕೈ ಗಂಟು ಹಾಕದೆ ಬಾಯಿಗೆ ಆ ಮಾತು ಬರೋದಿಲ್ಲ ಅನ್ನೋದು ಮಾತ್ರ ನಮ್ಮಿಬ್ಬರಿಗೂ ಗೊತ್ತಿರಲಿಲ್ಲ.

ಬೀದಿ ತಿರುವಿನ ಔಷಧಿ ಅಂಗಡಿಯವರು ಇವರ ಬಾಲ್ಯದ ಗೆಳೆಯ. ನಾನು ಅವರನ್ನು ಮಾತ್ರೆ ಅಣ್ಣ ಅಂತೀನಿ, ಅವರು ನನ್ನನ್ನು ತಂಗಿ ಅಂತಾರೆ. ನೆನಪು ಅಂದರೆ ಅವರದ್ದು! ಯಾರ ಅತ್ತೆಗೆ ಯಾವ ಮಾತ್ರೆ, ಯಾವ ಮಗುವಿಗೆ ಯಾವ ಸಿರಪ್ ಆಗಲ್ಲ, ಎಲ್ಲ ನಾಲಿಗೆ ತುದಿಯಲ್ಲಿ. ಚೀಟಿ ಮರೆತು ಹೋದವರಿಗೂ, "ನಿಮ್ಮ ಯಜಮಾನರ ಬಿ.ಪಿ. ಮಾತ್ರೆ ತಾನೆ?" ಅಂತ ತೆಗೆದಿಡುತ್ತಿದ್ದರು. ಆದರೆ ಅವರ ತಂದೆ ಕಡೇ ಕಾಲದಲ್ಲಿ ಎಲ್ಲ ಮರೆತು, ಊಟ ಕೊಡೋ ಮಗನನ್ನೇ "ಯಾರಪ್ಪ ನೀನು?" ಅಂತ ಕೇಳುತ್ತಿದ್ದರು. ಅಣ್ಣನಿಗೆ ಜೀವನದಲ್ಲಿ ಇದ್ದ ಭಯ ಅದೊಂದೇ.

ಅವರು ಹುಡುಗನಾಗಿದ್ದಾಗ ಓಡಿಸಿದ ಗಾಡಿ ಅಂಗಡಿ ಹಿಂದಿನ ಶೆಡ್ಡಿನಲ್ಲಿ ಬಿದ್ದಿತ್ತು. ಇವರೇ ಬಲವಂತ ಮಾಡಿ ತಂದರು. ಅದೂ ಎಣ್ಣೆ ಡಬ್ಬಿ ಇರೋ ಗಾಡಿಯೇ. ಒಂದು ಇಡೀ ಬೇಸಿಗೆ ಅದರ ಹಿಂದೆ ಬಿದ್ದು, ಪಂಪು ಕಿತ್ತು, ಡಬ್ಬಿ ಉಳಿಸಿದರು. ಒಪ್ಪಿಸೋ ದಿನ ಅಂಗಳದಲ್ಲಿ ಗಾಡಿ ನಿಂತಿದ್ದರೆ ನನಗೇ ಕಣ್ಣು ಕೀಳಲಾಗಲಿಲ್ಲ. ಕೆಂಪು ಬಟ್ಟೆ ಕಟ್ಟಿಯೇ ಇತ್ತು. ಫೋಟೋ ತೆಗೆಯುವಾಗ ಆ ಬಟ್ಟೆ ಹೊಸ ಮುಚ್ಚಳದ ಹೊಳಪು ಮುಚ್ಚುತ್ತೆ ಅಂತ ಇವರೇ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಅಷ್ಟರಲ್ಲಿ ಅಣ್ಣ ಬಂದರು, ಗಾಡಿ ಕಂಡು ಗಳಗಳ ಅತ್ತುಬಿಟ್ಟರು. ಇವರೂ ಅತ್ತರು. ನಾನು ಕಾಫಿ ತಂದೆ. ಅಣ್ಣ ಕಿಕ್ಕು ಹೊಡೆದು ಹೊರಟೇಬಿಟ್ಟರು.

ಟ್ಯಾಂಕಿನಲ್ಲಿ ಇವರು ಬೆರೆಸಿ ಹಾಕಿದ್ದು ಮುಗಿಯೋವರೆಗೂ ಗಾಡಿ ಚೆನ್ನಾಗೇ ಓಡಿತು. ಆಮೇಲೆ ಅಣ್ಣ ಬಂಕಿಗೆ ಹೋಗಿ, ಹಳೇ ಅಭ್ಯಾಸದಂತೆ ಡಬ್ಬಿಯ ಗಾಜಿನಲ್ಲಿ ಎಣ್ಣೆ ಇದೆಯಾ ಅಂತ ಬಗ್ಗಿ ನೋಡಿ, ಇದೆ ಅಂತ ಬರೀ ಪೆಟ್ರೋಲ್ ಹಾಕಿಸಿದರು. ದೊಡ್ಡ ರಸ್ತೆಯಲ್ಲಿ ಎಂಜಿನ್ ಕಚ್ಚಿಕೊಂಡಿತು. ಕಾಲು ಮುರಿಯಿತು, ಹೆಗಲ ಮೂಳೆ ಮುರಿಯಿತು.

ಆಸ್ಪತ್ರೆಗೆ ನಾವಿಬ್ಬರೂ ಬಿದ್ದಂಬೀಳ ಓಡಿದೆವು. ಮಂಚದ ಸುತ್ತ ಅವರ ಹೆಂಡತಿ, ಮಗಳು, ಅಳಿಯ. ಇವರು ಹೋದವರೇ ಮಾಡಿದ ಮೊದಲ ಕೆಲಸ, "ಪೆಟ್ರೋಲಿಗೆ ಎಣ್ಣೆ ಬೆರೆಸಿದ್ಯೇನೋ?" ಅಂತ ಕೇಳಿದ್ದು.

"ಬೆರೆಸೋದಾ? ಡಬ್ಬೀಲಿ ತುಂಬ ಇತ್ತಲ್ಲೋ," ಅಂದರು ಅಣ್ಣ.

ಮಗಳು ತಿರುಗಿದಳು. "ಬೆರೆಸ್ಬೇಕು ಅಂತ ನೀವು ಅಪ್ಪಂಗೆ ಹೇಳಿರಲಿಲ್ವಾ ಮಾಮ?"

"ಹೇಳಿದ್ನಲ್ಲಮ್ಮ," ಅಂದುಬಿಟ್ಟರು ಇವರು.

ಬೇಕಂತ ಅಂದಿದ್ದಲ್ಲ, ಅದನ್ನು ನಾನು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ. ಎಲ್ಲರಿಗೂ ಹೇಳೋ ಮಾತು, ಇವನಿಗೂ ಹೇಳಿರಲೇಬೇಕು ಅಂದುಕೊಂಡರು. ಆದರೆ ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. "ಹೇಳಿದ್ಯಾ? ನಂಗೆ?" ಅಂದರು ಅಣ್ಣ. ಆಮೇಲೆ ಛಾವಣಿ ನೋಡಿಕೊಂಡು ಅವತ್ತಿನದನ್ನೆಲ್ಲ ಬೆರಳಲ್ಲಿ ಎಣಿಸತೊಡಗಿದರು. ಅವರ ಹೆಂಡತಿ, ಅಳಿಯ ಮುಖ ಮುಖ ನೋಡಿಕೊಂಡರು.

ಮನೆಗೆ ಬಂದು ಅಂಗಿ ಬಿಚ್ಚುವಾಗ ಯಾವುದೋ ಚಿಲ್ಲರೆಗೆ ಜೇಬು ತಡಕಿದವರು ಹಾಗೇ ನಿಂತರು. ಗಾಡಿ ಒಪ್ಪಿಸಿದ ದಿನ ಹಾಕಿದ್ದ ಅಂಗಿಯೇ ಅದು; ಒಗೆಯುವಾಗ ನಾನು ಆ ಜೇಬು ನೋಡಿರಲಿಲ್ಲ. ಕೆಂಪು ಬಟ್ಟೆ ತೆಗೆದು ಊಟದ ಮೇಜಿನ ಮೇಲಿಟ್ಟರು.

"ಕಟ್ಟೇ ಇಲ್ಲ ಕಣೇ. ಕಟ್ಟದೆ ಹೇಗೆ ಹೇಳಿರ್ತೀನಿ?"

"ನಾಳೆನೇ ಹೋಗಿ ಹೇಳಿ," ಅಂದೆ.

"ಹೂಂ. ನಾಳೆ."

ಆ ನಾಳೆ ಬರಲೇ ಇಲ್ಲ. ಮೊದಲು, ನೋವಿನಲ್ಲಿದ್ದಾನೆ, ಈಗ ಬೇಡ. ಆಮೇಲೆ, ಆಪರೇಷನ್ ಆಗಲಿ. ಆಮೇಲೆ, ಕಾಲು ಊರಲಿ. ಊಟಕ್ಕೆ ಕೂತರೆ ತಟ್ಟೆಯಲ್ಲಿ ಗೆರೆ ಎಳೆದು ಎದ್ದುಬಿಡೋರು. ಮಾತಿಗೆ ಯಾರಾದರೂ "ಹೇಗಿದ್ದಾರೆ ನಿಮ್ಮ ಗೆಳೆಯರು?" ಅಂದರೆ ಸಾಕು, "ನಾನೇನು ಮಾಡಲಿ, ರಸ್ತೆ ಅಂದ್ಮೇಲೆ ಬೀಳೋದು ಏಳೋದು ಇದ್ದಿದ್ದೇ" ಅನ್ನೋರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು. ಮುರಿದ ಗಾಡಿಯನ್ನು ಹಿಂದಿನ ಕೋಣೆಗೆ ತಂದು, ಎಂಜಿನ್ ಬಿಚ್ಚಿ, ಕಚ್ಚಿಹೋದ ಪಿಸ್ಟನ್ ಕೈಯಲ್ಲಿ ಹಿಡಿದು ಕೂತಿರೋರು. ಮತ್ತೆ ಹೊಸದು ಮಾಡೋದಕ್ಕೆ ಹೊರಟರು. ನನಗೆ ರೇಗಿತು.

"ಗಾಡಿ ರಿಪೇರಿ ಮಾಡಿದ್ರೆ ಆಡಿದ ಮಾತು ರಿಪೇರಿ ಆಗುತ್ತೇನ್ರೀ?"

"ಮೈಕೈ ಸರಿಹೋದ್ಮೇಲೆ ಹೇಳ್ತೀನಿ ಕಣೇ. ನನ್ನ ಮುಖ ನೋಡಲ್ಲ ಅವನು."

"ನೋಡದಿದ್ರೆ ಬಿಡಲಿ. ನೋಡೋ ಹಾಗೆ ಏನು ಮಾಡಿದ್ದೀರಿ?"

ಪ್ರತಿ ಭಾನುವಾರ ಹಣ್ಣು ಹಿಡಿದು ಹೋಗುತ್ತಿದ್ದೆವು. ಕಾಲೇನೋ ಕೂಡಿಕೊಳ್ಳುತ್ತಿತ್ತು. ಕೂಡದೇ ಇದ್ದದ್ದು ಬೇರೆ. "ನಾನು ಮಧ್ಯಾಹ್ನದ ಮಾತ್ರೆ ತಗೊಂಡ್ನಾ?" ಅಂತ ಅಣ್ಣ ಹೆಂಡತಿಯನ್ನು ಕೇಳುತ್ತಿದ್ದರು. ತಗೊಂಡಿರುತ್ತಿದ್ದರು. ಮತ್ತೆ ಕೇಳುತ್ತಿದ್ದರು. ಒಂದು ಸಲ ನಾವು ಹೋದಾಗ ಅವರ ಹೆಂಡತಿ ಅಂಗಡಿಯ ಮಾತ್ರೆಗಳ ಪಟ್ಟಿ ಹಿಡಿದು ಒಂದೊಂದೇ ಹೆಸರು ಓದುತ್ತಿದ್ದರು. ಯಾವುದು ಯಾವ ಕಾಯಿಲೆಗೆ ಅಂತ ಅಣ್ಣ ಒಪ್ಪಿಸುತ್ತಿದ್ದರು, ಪರೀಕ್ಷೆಗೆ ಕೂತವರ ಹಾಗೆ. ಒಂದೂ ತಪ್ಪಲಿಲ್ಲ. ಆದರೂ ಕೊನೆಗೆ ಹಣೆ ಒರೆಸಿಕೊಂಡು, "ಇದೆಲ್ಲ ಹಳೇದು ತಂಗಿ. ಹಳೇದು ಹೋಗಲ್ಲ. ನಮ್ಮಪ್ಪಂಗೂ ಹಳೇದೆಲ್ಲ ಇತ್ತು," ಅಂದರು. ಇವರ ಕಡೆ ತಿರುಗಿ, "ನೀನು ಆವತ್ತು ಹೇಳಿದ್ದು ಎಷ್ಟು ನೆನಪಿಸ್ಕೊಂಡ್ರೂ ಬರ್ತಿಲ್ಲ ಕಣೋ. ಎಲ್ಲಿ ನಿಂತು ಹೇಳ್ದೆ? ಕಾಫಿ ಕುಡಿಯೋಕೆ ಮುಂಚೇನಾ?" ಅಂತ ಕೇಳಿದರು.

ನಾನು ಇವರನ್ನೇ ನೋಡಿದೆ. ಇವರು ಕಿತ್ತಳೆ ಹಣ್ಣು ಸುಲಿಯುತ್ತಾ, "ಬಿಡೋ, ಈಗ ಯಾಕೆ ಅದೆಲ್ಲ," ಅಂದರು. ಆಗ ಬಂದ ಸಿಟ್ಟಿಗೆ ಆ ಹಣ್ಣನ್ನೇ ಇವರ ತಲೆ ಮೇಲೆ ಹಾಕಬೇಕು ಅನ್ನಿಸಿತ್ತು. ಆದರೆ ಪಾಪ, ಸಿಪ್ಪೆ ಎಲ್ಲ ನೆಲಕ್ಕೆ ಬೀಳುತ್ತಿದ್ದದ್ದೂ ಇವರಿಗೆ ಗೊತ್ತಾಗಲಿಲ್ಲ.

ಮೊನ್ನೆ ಬೆಳಿಗ್ಗೆ ಹಾಲು ತರೋದಕ್ಕೆ ಹೋದಾಗ ಪಕ್ಕದ ಮನೆ ಟೈಲರ್ ಹೇಳಿದ: ಮಾತ್ರೆ ಅಣ್ಣ ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಡುತ್ತಾರಂತೆ, ಮಾತೆಲ್ಲ ಮುಗಿದಿದೆಯಂತೆ. "ಹೇಳಿದ್ದೇ ಮರೆತುಹೋಗೋ ತಲೆ ಇಟ್ಕೊಂಡು ಜನಕ್ಕೆ ಔಷಧಿ ಕೊಡಬಾರದು, ಒಂದು ಹೋಗಿ ಇನ್ನೊಂದು ಕೊಟ್ರೆ ಯಾರ ಮನೆ ದೀಪ ಆರುತ್ತೋ" ಅಂತ ಅವರೇ ಅಂದರಂತೆ. ಹಾಲಿನ ಪಾತ್ರೆ ಕಟ್ಟೆ ಮೇಲೆ ಕುಕ್ಕಿ ಹಿಂದಿನ ಕೋಣೆಗೆ ಹೋದೆ.

"ಎದ್ದೇಳ್ರೀ. ನೀವು ಹೇಳ್ತೀರೋ, ನಾನು ಹೇಳಲೋ?"

ಟೈಲರ್ ಅಂದದ್ದನ್ನು ಹೇಳಿದೆ, ಇವರು ಪಿಸ್ಟನ್ ಕೆಳಗಿಟ್ಟು ಎದ್ದರು. "ಬಿಟ್ಟುಕೊಡೋದು ಮುಂದಿನ ತಿಂಗಳಿರಬಹುದು, ಇನ್ನೂ ಟೈಮಿದೆ," ಅಂದರು, ತಮಗೆ ತಾವೇ. ಕೈಗೆ ಹತ್ತಿದ್ದ ಗ್ರೀಸನ್ನೂ ಒರೆಸಿಕೊಳ್ಳದೆ ಚಪ್ಪಲಿ ಮೆಟ್ಟಿದರು. ನಾನೂ ಹಿಂದೆಯೇ ಹೋದೆ. ಒಬ್ಬರೇ ಬಿಟ್ಟರೆ ಬಾಗಿಲಲ್ಲಿ ಹವಾಮಾನ ಮಾತಾಡಿ ವಾಪಸ್ಸು ಬರೋ ಗಿರಾಕಿ.

ಅಣ್ಣ ಕಿಟಕಿ ಹತ್ತಿರ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದರು. ಅವರ ಹೆಂಡತಿ ಬಟ್ಟೆ ಮಡಿಸುತ್ತಿದ್ದರು. ಇವರು ಕೂರಲಿಲ್ಲ.

"ಲೋ, ನಾನು ನಿಂಗೆ ಹೇಳೇ ಇರಲಿಲ್ಲ ಕಣೋ. ಎಣ್ಣೆ ಬೆರೆಸೋ ವಿಷಯ. ಫೋಟೋಗೆ ಅಂತ ಬಟ್ಟೆ ಬಿಚ್ಚಿದೆ, ಕಟ್ಟೋದು ಮರೆತೆ, ಹೇಳೋದೂ ಮರೆತೆ. ಆಸ್ಪತ್ರೇಲಿ ಸುಳ್ಳು ಹೇಳಿದೆ. ಆಮೇಲೆ ಗೊತ್ತಾದ್ರೂ ಬಾಯಿ ಬಿಡಲಿಲ್ಲ. ಹೊಡಿ ಬೇಕಾದ್ರೆ."

ಅಣ್ಣ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ಹೇಳೇ ಇಲ್ಲ?"

"ಇಲ್ಲ."

"ಮರೆತಿದ್ದು ನಾನಲ್ಲ?"

"ನಾನು ಕಣೋ. ನಾನು."

ಬೈಯುತ್ತಾರೆ ಅಂತ ನಾನು ಕಾದಿದ್ದೆ. ಅಣ್ಣ ನಕ್ಕುಬಿಟ್ಟರು! ಹೊಟ್ಟೆ ಕುಲುಕಿಸಿಕೊಂಡು, ಕಣ್ಣಲ್ಲಿ ನೀರು ಸುರಿಸಿಕೊಂಡು ನಕ್ಕರು. "ಕೇಳಿದ್ಯೇನೇ? ನಂಗೇನೂ ಆಗಿಲ್ಲವಂತೆ! ಇವನು ಹೇಳೇ ಇರಲಿಲ್ಲವಂತೆ!" ಇವರ ಗ್ರೀಸು ಕೈಯನ್ನೇ ಎರಡೂ ಕೈಯಲ್ಲಿ ಹಿಡಿದು, "ಪುಣ್ಯಾತ್ಮ, ಈಗಲಾದ್ರೂ ಹೇಳಿದ್ಯಲ್ಲೋ, ನನ್ನ ಜೀವ ಉಳಿಸಿದೆ ಕಣೋ," ಅಂದರು. ನನ್ನ ಗಂಡ ಬೈಗುಳಕ್ಕೆ ತಯಾರಾಗಿ ಬಂದಿದ್ದರು, ಇದಕ್ಕಲ್ಲ. ನಿಂತಲ್ಲೇ ಕುಗ್ಗಿಹೋದರು.

"ಎಲ್ಲಿ ನನ್ನ ಕೋಲು? ನಡಿಯೋ, ಅಂಗಡಿ ಬಾಗಿಲು ತೆಗೆಯೋಣ. ಎಷ್ಟು ಜನ ವಾಪಸ್ಸು ಹೋಗ್ತಿದ್ದಾರೋ ಏನೋ." ಕೋಲೂರಿ ಎದ್ದೇಬಿಟ್ಟರು. ಕುಂಟುತ್ತಾ ಬಾಗಿಲ ಪಕ್ಕದ ಮೊಳೆಯ ಹತ್ತಿರ ಹೋಗಿ ಕೈ ಹಾಕಿದರು. ಮೊಳೆ ಖಾಲಿ ಇತ್ತು. "ಬೀಗದ ಕೈ ಎಲ್ಲಿ ಇಟ್ಟೆಯೇ?"

ಅವರ ಹೆಂಡತಿ ಕೈಯಲ್ಲಿದ್ದ ಬಟ್ಟೆ ಹಾಗೇ ಹಿಡಿದು ಹೇಳಿದರು, "ನಿನ್ನೆ ಸಂಜೆ ನೀವೇ ಹೋಗಿ ಅಂಗಡಿ ತಗೊಂಡೋರಿಗೆ ಕೊಟ್ಟು, ಸಹಿ ಹಾಕಿ ಬಂದ್ರಲ್ಲ. ಮರೆತುಬಿಟ್ರಾ?"

ಆಡಿದ ಮೇಲೆ ತಾವೇ ಬಾಯಿ ಮುಚ್ಚಿಕೊಂಡರು.

ಅಣ್ಣನ ಕೈ ಮೊಳೆ ಮೇಲೇ ಇತ್ತು. "ಹೌದಲ್ಲ," ಅಂದರು. ಮೆಲ್ಲಗೆ ವಾಪಸ್ಸು ಬಂದು ಕುರ್ಚಿಯಲ್ಲಿ ಕೂತರು.

"ಖುಷಿಗೆ ಅಣ್ಣ," ಅಂದೆ ನಾನು. "ಖುಷಿಗೆ ಯಾರಾದ್ರೂ ಮರೀತಾರೆ. ನಾನಾಗಿದ್ರೂ ಮರೀತಿದ್ದೆ."

ಅವರು ನನ್ನ ಕಡೆ ನೋಡಲಿಲ್ಲ. ಇವರನ್ನೇ ನೋಡುತ್ತಿದ್ದರು. "ಲೋ, ನಿಜ ಹೇಳು. ಅಂಗಡಿ ಬಿಟ್ಟೆ ಅಂತ ಕೇಳಿ, ನಂಗೆ ಸಮಾಧಾನ ಆಗಲಿ ಅಂತ ಹೀಗೆ ಹೇಳ್ತಿಲ್ಲ ತಾನೆ?"

"ಇಲ್ಲ ಕಣೋ! ನನ್ನ ಮಗಳಾಣೆ, ನಾನು ಹೇಳಿರಲಿಲ್ಲ!" ಅಂತ ಇವರು ಗೋಳೋ ಅಂತ ಅತ್ತರು.

ಅಂಗಡಿಯಲ್ಲಿ, ಚೀಟಿ ಮನೆಯಲ್ಲೇ ಇದೆ ಅಂತ ಆಣೆ ಹಾಕೋ ಗಿರಾಕಿಗೆ ನಂಬದೆಯೇ ಅನ್ನುತ್ತಿದ್ದ ಹಾಗೆ ಅಣ್ಣ, "ಹೂಂ, ಇರಲಿ ಬಿಡು," ಅಂದರು.