ಆರಾಮ ಅದೀರೇನ್ರಿ?

ನಮ್ಮ ಹುಕ್ಕೇರಿ ಕಡೆ ಒಬ್ಬರನ್ನೊಬ್ಬರು ಕಂಡ ಕೂಡಲೇ ‘ಆರಾಮ ಅದೀರೇನ್ರಿ?’ ಅನ್ನುತ್ತೇವೆ. ಎದುರಿನವರು ‘ಆರಾಮ್ರಿ, ನೀವು?’ ಅನ್ನಬೇಕು. ಅನ್ನಲೇಬೇಕು. ನನ್ನ ಸೋದರತ್ತೆ ಹಿತ್ತಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡು, ಕಾಲಿಗೆ ಇಟ್ಟಂಗಿಯ ತೂಕ ಕಟ್ಟಿಸಿಕೊಂಡು ಮಲಗಿದ್ದಾಗಲೂ ನೋಡಲು ಬಂದವರಿಗೆಲ್ಲ ‘ಆರಾಮ ಅದೀನ್ರಿ, ಚಾ ಕುಡದ ಹೋಗ್ರಿ’ ಅನ್ನುತ್ತಿದ್ದಳು. ಅವರು ಹೋದ ಮೇಲೆ ಸೆರಗು ಕಚ್ಚಿಕೊಂಡು ಅಳುತ್ತಿದ್ದಳು. ಸಣ್ಣವಳಾದ ನನಗೆ ಅದು ನಗೆಯ ವಿಷಯ. ಮುಂದೆ ನರ್ಸಿಂಗ್ ಕಲಿತು, ಗೋಕಾಕದ ಆಸ್ಪತ್ರೆಯಲ್ಲಿ ವರ್ಷಗಟ್ಟಲೆ ದುಡಿದು, ಇದೇ ಮಾತಿಗೆ ನಾನೇ ಮೋಸ ಹೋಗುತ್ತೇನೆ ಎಂದು ಯಾರಾದರೂ ಹೇಳಿದ್ದರೆ ‘ನಡಿ ನಡಿ, ಭಾಳ ಶಾಣ್ಯಾ ಅದೀ’ ಎಂದು ಅಟ್ಟುತ್ತಿದ್ದೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ದೂರದ ಮೆಡಿಕಲ್ ಕಾಲೇಜಿನ ಡಾಕ್ಟರೊಬ್ಬರು ನಮ್ಮ ಆಸ್ಪತ್ರೆಗೆ ಒಂದು ಯಂತ್ರ ತಂದಿಟ್ಟರು. ಮನೆಯ ರೇಡಿಯೋದಷ್ಟು ದೊಡ್ಡದು. ಅದರಿಂದ ಹೊರಟ ನಳಿಕೆಯ ತುದಿಯಲ್ಲಿ ಮೂಗು ಬಾಯಿ ಮುಚ್ಚುವ ಮಾಸ್ಕು. ಶ್ವಾಸಕೋಶ ಸೋತು ಬಂದವರಿಗೆ ಗಂಟಲಲ್ಲಿ ನಳಿಕೆ ಇಳಿಸದೆ, ಈ ಮಾಸ್ಕಿನಿಂದಲೇ ಗಾಳಿ ಒತ್ತಿ ಕೊಟ್ಟರೆ ಎಷ್ಟು ಮಂದಿ ಉಳಿಯುತ್ತಾರೆ ಅನ್ನುವುದು ಅವರ ಸಂಶೋಧನೆ. ಐಸಿಯು ಇಲ್ಲದ ನಮ್ಮಂಥ ಊರಿನಲ್ಲಿ ಅದು ನಡೆಯುತ್ತದೋ ಇಲ್ಲವೋ ಎಂದು ನೋಡಬೇಕಿತ್ತು. ಯಂತ್ರ ಮಾತ್ರ ಒಂದೇ, ಊರಿಗೊಬ್ಬಳೇ ಪದ್ಮಾವತಿ ಅನ್ನುವ ಹಾಗೆ. ಹಗಲು ಪಾಳಿಯಲ್ಲಿ ಅದರ ಹಾಳೆ ತುಂಬುವವಳು ನಾನು.

ತಾಸಿಗೊಮ್ಮೆ ನಿಮಿಷಕ್ಕೆ ಎಷ್ಟು ಉಸಿರು, ನಾಡಿ ಎಷ್ಟು, ಬೆರಳಿಗೆ ಹಚ್ಚಿದ ಕ್ಲಿಪ್ಪು ಆಕ್ಸಿಜನ್ ಎಷ್ಟು ತೋರಿಸುತ್ತದೆ ಎಂದು ಬರೆಯಬೇಕು. ಕೊನೆಯ ಸಾಲು ರೋಗಿಯನ್ನು ಕೇಳಿ ಬರೆಯುವಂಥದ್ದು. ಉಸಿರಾಡಲು ಕಷ್ಟ ಬಹಳವೋ, ಸ್ವಲ್ಪವೋ, ಇಲ್ಲವೋ ಎಂದು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ‘ನಿಮ್ಮ ಮಂದಿಗೆ ತಿಳಿಯೋ ಹಾಗೆ ನಿಮ್ಮ ಭಾಷೆಯಲ್ಲೇ ಕೇಳಿ, ಸಿಸ್ಟರ್’ ಎಂದು ಆ ಡಾಕ್ಟರು ಹೇಳಿಹೋದರು. ನಾನು ನಮ್ಮ ಭಾಷೆಯಲ್ಲೇ ಕೇಳಿದೆ. ಸಾಲಾಗಿ ಮೂರು ಸಲ ಅಂಕಿ ಸರಿಯಿದ್ದು, ರೋಗಿಯೂ ಕಷ್ಟವಿಲ್ಲ ಅಂದರೆ ಮಾಸ್ಕು ತೆಗೆದು ನೋಡಬಹುದು ಅನ್ನುವುದು ನಿಯಮ.

ಮೂಡಲಗಿಯಿಂದ ಬಂದ ಚಾಚಾ ಗಾದಿ ಮಾಡುವವರು. ಹರೆಯದಿಂದಲೂ ಮುಚ್ಚಿದ ಖೋಲಿಯಲ್ಲಿ ಕೂತು ಹಳೆಯ ಗಾದಿಗಳ ಹತ್ತಿ ಹಿಂಜುತ್ತ ಆ ಧೂಳನ್ನೇ ಉಂಡವರು. ಬಂದ ದಿನ ಮಂಚದ ಅಂಚಿಗೆ ಎರಡೂ ಕೈ ಊರಿ, ಒಂದು ಮಾತಿಗೆ ಮೂರು ಉಸಿರು ಎಳೆಯುತ್ತಿದ್ದರು. ಮಾಸ್ಕು ಹಾಕಿದ ಒಂದೆರಡು ತಾಸಿನಲ್ಲಿ ಮುಖಕ್ಕೆ ಕಳೆ ಬಂತು. ಮರುದಿನ ಮಾಸ್ಕು ಸರಿಸಿ ನಾನು ಕೊಟ್ಟ ನಾಲ್ಕು ಗುಟುಕು ಚಹಾ ಕುಡಿದು ‘ಬಾಯಾರ, ನಿಮ್ಮ ಲಗ್ನದ ಗಾದಿ ನಂದ. ಅಗದಿ ಮೆತ್ತಗ ಮಾಡಿ ಕೊಡ್ತೀನಿ’ ಅಂದರು. ‘ಲಗ್ನಾ ಆಗಿ ಹತ್ತ ವರ್ಷಾತ್ರಿ ಚಾಚಾ’ ಅಂದೆ. ‘ಹಂಗಾರ ಮಗಳ ಲಗ್ನಕ್ಕ’ ಅಂದರು. ನನ್ನ ಮಗಳಿಗೆ ಆಗ ಆರು ವರ್ಷ. ಆ ಮುದುಕರ ಮೇಲೆ ನನಗೆ ಬಹಳ ಅಂತಃಕರಣ ಹುಟ್ಟಿಬಿಟ್ಟಿತ್ತು.

ಅವರ ಹೆಂಡತಿ, ನಾವೆಲ್ಲ ಚಾಚಿ ಅನ್ನುತ್ತಿದ್ದವರು, ವಾರ್ಡಿನ ಹೊರಗಿನ ಬೆಂಚಿನ ಮೇಲೆ ಇರುತ್ತಿದ್ದರು. ಕಿಟಕಿಯ ಗಾಜಿನಿಂದ ಒಳಗೆ ನೋಡಬಹುದಿತ್ತು, ಅಷ್ಟೇ. ಒಳಗೆ ಬಿಡದವಳು ನಾನು. ಹಿಂದಿನ ವಾರ ನಾಗನೂರಿನ ರೋಗಿಯೊಬ್ಬರ ಕಡೆಯವರು ‘ಪಾಪ, ಬಾಯಿ ಒಣಗೇತಿ’ ಎಂದು ಮಾಸ್ಕು ಎತ್ತಿ ಗಂಜಿ ಹೊಯ್ದು, ಅದು ಶ್ವಾಸನಾಳಕ್ಕೆ ಇಳಿದು ದೊಡ್ಡ ರಾದ್ಧಾಂತವಾಗಿತ್ತು. ಅಂದಿನಿಂದ ರೋಗಿಯ ಕಡೆಯವರು ಯಾರೇ ಬಂದರೂ ಬೈದು ಹೊರಗೆ ಕಳಿಸುತ್ತಿದ್ದೆ. ನನ್ನ ಬಾಯಿ ಮೊದಲೇ ಜೋರು. ‘ನರ್ಸಬಾಯಿ ಅಲ್ಲಪಾ, ಫೌಜದಾರ’ ಎಂದು ಮಂದಿ ಆಡಿಕೊಳ್ಳುವುದು ನನ್ನ ಕಿವಿಗೂ ಬಿದ್ದಿತ್ತು. ಖರೆ ಹೇಳಬೇಕೆಂದರೆ ಒಳಗೊಳಗೆ ಹೆಮ್ಮೆಯೇ ಆಗಿತ್ತು.

ಮೂರನೆಯ ದಿನ ಬೆಳಿಗ್ಗೆ ಎಂಟಕ್ಕೆ ‘ಚಾಚಾ, ಆರಾಮ ಅದೀರೇನ್ರಿ?’ ಅಂದೆ. ಮಾಸ್ಕಿನೊಳಗಿಂದಲೇ ‘ಆರಾಮ್ರಿ’ ಅಂದರು. ನಿನ್ನೆಗಿಂತ ಉಸಿರಿನ ಎಣಿಕೆ ಇಳಿದಿತ್ತು. ಬೆರಳಿನ ಅಂಕಿಯೂ ಚೆನ್ನಾಗಿತ್ತು. ‘ಕಷ್ಟವಿಲ್ಲ’ ಅನ್ನುವಲ್ಲಿ ಟಿಕ್ ಹಾಕಿದೆ. ಒಂಬತ್ತಕ್ಕೂ ಅದೇ ಪ್ರಶ್ನೆ, ಅದೇ ಉತ್ತರ, ಅದೇ ಟಿಕ್. ಅಷ್ಟರಲ್ಲಿ ಚಾಚಿ ಬಾಗಿಲಿಗೆ ಬಂದು ‘ಬಾಯಾರ, ಒಂಚೂರ ಕೇಳ್ರಿಲ್ಲೆ’ ಅಂದರು. ‘ಹೊರಗ ಕೂಡ್ರಿ’ ಅಂದೆ. ಹತ್ತಕ್ಕೆ ಹೋದಾಗ ಚಾಚಾನ ಕಣ್ಣು ಅರೆ ಮುಚ್ಚಿತ್ತು. ನನ್ನ ದನಿಗೆ ಕಷ್ಟಪಟ್ಟು ತೆರೆದು ‘ಆರಾಮ್ರಿ. ನೀವು?’ ಎಂದರು. ‘ನಾನೂ ಆರಾಮ’ ಎಂದು ಮೂರನೆಯ ಟಿಕ್ ಹಾಕಿದೆ. ತಿರುಗಿದರೆ ಚಾಚಿ ಮತ್ತೆ ಬಾಗಿಲಲ್ಲಿ. ‘ಒಮ್ಮಿ ಹೇಳಿದ್ರ ತಿಳ್ಯಾಂಗಿಲ್ಲೇನ್ರಿ ನಿಮಗ?’ ಎಂದು ರೇಗಿ, ಬಾಗಿಲೆಳೆದು ಚಿಲಕ ಹಾಕಿದೆ.

ಸ್ವಲ್ಪ ಹೊತ್ತಿಗೆ ಯಮಕನಮರಡಿಯ ಹೆಣ್ಣುಮಗಳೊಬ್ಬಳನ್ನು ಜೀಪಿನಲ್ಲಿ ತಂದರು. ದಮ್ಮು ಏರಿ ತುಟಿ ನೀಲಿಗಟ್ಟಿತ್ತು. ಇಂಜೆಕ್ಷನ್ನಿಗೆ ಬಗ್ಗಲಿಲ್ಲ. ನಮ್ಮ ಆಸ್ಪತ್ರೆಯ ಡಾಕ್ಟರು ಚಾಚಾನ ಹಾಳೆ ನೋಡಿದರು. ಮೂರು ಟಿಕ್ಕುಗಳಿದ್ದವು, ಅಂಕಿಗಳೂ ಬರೋಬರಿ ಇದ್ದವು. ‘ಅವ್ರದು ತಗೀರಿ, ಈಕಿಗೆ ಹಚ್ಚ್ರಿ’ ಅಂದರು. ನಾನೇ ಮಾಸ್ಕಿನ ಪಟ್ಟಿ ಬಿಚ್ಚಿ, ಚಾಚಾನ ಮೂಗಿಗೆ ಬರೀ ಆಕ್ಸಿಜನ್ ನಳಿಕೆ ಕೊಟ್ಟು ‘ಪಾಸ್ ಆದ್ರಿ ಚಾಚಾ’ ಅಂದೆ. ಅವರು ಕಣ್ಣು ಮುಚ್ಚಿಯೇ ನಕ್ಕರು.

ಒಂದು ತಾಸು ಬಿಟ್ಟು ಹೋಗಿ ನೋಡಿದರೆ ಚಾಚಾ ಗೊರಕೆ ಹೊಡೆಯುತ್ತಿದ್ದರು. ಪಾಪ, ಮೂರು ದಿನದ ನಿದ್ದೆ ಅಂದುಕೊಂಡೆ. ಮುಟ್ಟಿದರೆ ಮೈಯೆಲ್ಲ ಬೆವರು. ಕರೆದೆ, ಅಲುಗಾಡಿಸಿದೆ, ನೋವಿಗಾದರೂ ಎಚ್ಚರವಾಗಲಿ ಎಂದು ಎದೆಯ ಎಲುಬನ್ನು ಒತ್ತಿದೆ. ಕಣ್ಣು ತೆರೆಯಲಿಲ್ಲ. ಡಾಕ್ಟರನ್ನು ಕೂಗಿ ಯಂತ್ರದ ಕಡೆ ಓಡಿದೆ. ಆ ಹೆಣ್ಣುಮಗಳ ತುಟಿಗೆ ಆಗಷ್ಟೇ ಬಣ್ಣ ಮರಳುತ್ತಿತ್ತು. ಎರಡೂ ಕೈಯಿಂದ ಮಾಸ್ಕನ್ನು ಮುಖಕ್ಕೆ ಒತ್ತಿ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ಅವಳ ಬಾಯಿಂದ ಅದನ್ನು ಹೇಗೆ ಕಸಿದುಕೊಳ್ಳಲಿ? ಅಯ್ಯೋ ದೇವರೇ, ಯಾರನ್ನು ಕೇಳಲಿ? ಚಾಚಿದ ಕೈ ಹಿಂದೆ ತಗೊಂಡು ಬರಿಗೈಯಲ್ಲಿ ಮರಳಿದೆ.

ಡಾಕ್ಟರು ಚಾಚಾನ ಗಂಟಲಲ್ಲಿ ನಳಿಕೆ ಇಳಿಸಿದರು. ಅದಕ್ಕೆ ರಬ್ಬರಿನ ಚೀಲ ಹಚ್ಚಿ ಕೈಯಿಂದ ಒತ್ತತೊಡಗಿದೆ. ನಾನು ಒತ್ತಿದರೆ ಅವರಿಗೆ ಉಸಿರು, ಬಿಟ್ಟರೆ ಇಲ್ಲ. ಬೆಳಗಾವಿಗೆ ಫೋನು ಹೋಯಿತು. ದೊಡ್ಡ ಆಸ್ಪತ್ರೆಯಲ್ಲಿ ವೆಂಟಿಲೇಟರ್ ಖಾಲಿ ಇರಲಿಲ್ಲ, ಸಂಜೆಗೆ ನೋಡೋಣ ಅಂದರು. ಸಂಜೆಯ ತನಕ ಒತ್ತಿದರಾಯಿತು ಎಂದು ಹಟ ಹಿಡಿದು ಕೂತೆ. ಬೆರಳು ಜೋಮು ಹಿಡಿದವು, ಭುಜ ಸೆಟೆಯಿತು. ಆಯಾ ‘ನಾ ಹಿಡೀತೀನಿ ಬಿಡ್ರಿ’ ಅಂದರೂ ಬಿಡಲಿಲ್ಲ. ಮೂರು ಗಂಟೆಯ ಹೊತ್ತಿಗೆ ಎದೆಬಡಿತವೇ ನಿಂತಿತು. ನಾನು ಇನ್ನೂ ಒತ್ತುತ್ತಿದ್ದೆ. ಡಾಕ್ಟರೇ ಬಂದು ಚೀಲದಿಂದ ನನ್ನ ಬೆರಳು ಬಿಡಿಸಿದರು.

ಆಮೇಲೆ ಅವರು ನನ್ನನ್ನು ಕೂರಿಸಿ ತಿಳಿಸಿ ಹೇಳಿದರು. ಎದೆ ದಣಿದು ಸೋತಾಗಲೂ ಉಸಿರಿನ ಎಣಿಕೆ ಇಳಿಯುತ್ತದೆ. ಹೊರಗೆ ಹೋಗಬೇಕಾದ ಕೆಟ್ಟ ಗಾಳಿ ರಕ್ತದಲ್ಲೇ ತುಂಬಿ ಮಂಪರು ಕವಿಯುತ್ತದೆ. ಅದು ಬೆರಳಿನ ಕ್ಲಿಪ್ಪಿಗೆ ತಿಳಿಯುವುದಿಲ್ಲ, ಅದನ್ನು ಅಳೆಯುವ ಸೌಲಭ್ಯ ನಮ್ಮಲ್ಲಿರಲಿಲ್ಲ. ‘ಅದಕ್ಕ ರೋಗಿಗೆ ಕೇಳೂದು ಇಟ್ಟಾರ. ಅವ್ರ ಆರಾಮ ಅಂದ್ರ ನೀವರ ಏನ್ ಮಾಡ್ತೀರಿ? ನಿಮ್ಮ ತಪ್ಪಿಲ್ಲ ಬಿಡ್ರಿ’ ಅಂದರು. ತಪ್ಪಿಲ್ಲವಂತೆ! ನಾನು ಮೂರು ಸಲ ನಮಸ್ಕಾರ ಹೇಳಿದ್ದೆ, ಚಾಚಾ ಮೂರು ಸಲ ತಿರುಗಿ ನಮಸ್ಕಾರ ಹೇಳಿದ್ದರು. ಅದನ್ನೇ ಹಾಳೆಯಲ್ಲಿ ಬರೆದುಕೊಂಡಿದ್ದೆ. ಕೆಟ್ಟ ಮೇಲೆ ಬುದ್ಧಿ ಬಂತು.

ಸುದ್ದಿಯನ್ನು ಡಾಕ್ಟರೇ ಹೊರಗೆ ಹೋಗಿ ಚಾಚಿಗೆ ಹೇಳಿದ್ದರು. ನಾನು ಹೋದಾಗ ಅಳು ಒಂದು ಸುತ್ತು ಮುಗಿದು, ಬೆಂಚಿನ ಮೇಲೆ ಕೂತಿದ್ದರು. ಕೇಳದಿದ್ದರೂ ನನ್ನ ಬಾಯಿ ತಾನೇ ಸಮಜಾಯಿಷಿ ಕೊಟ್ಟಿತು. ‘ಮುಂಜಾನಿಂದ ಮೂರ ಸಲ ಕೇಳಿದ್ನಿ ಚಾಚಿ. ಮೂರೂ ಸಲ ಆರಾಮ ಅಂದ್ರು.’

‘ಮತ್ತೇನ್ ಅಂತಾರ್ರಿ ಬಾಯಾರ?’ ಅಂದರು ಚಾಚಿ. ‘ಮಂದಿ ಆರಾಮ ಏನ್ರಿ ಅಂದ್ರ, ಇಲ್ರಿ ಸಾಯಾಕತ್ತೇನಿ ಅಂತಾರೇನು? ಇಷ್ಟ ವರ್ಷದಾಗ ನನ್ನ ಮುಂದೂ ಬಾಯಿಬಿಟ್ಟ ತ್ರಾಸ ಅಂದಿಲ್ಲ ಅವ್ರು. ತ್ರಾಸ ಆತಂದ್ರ ಅಂಗಿ ಮ್ಯಾಲಿನ ಗುಂಡಿ ತಗೀತಾರ. ಗುಂಡಿ ಮೊದಲ ತಗದಿದ್ರೂ ಕೈ ಅಲ್ಲೇ ಹೊಕ್ಕೈತಿ. ಮುಂಜಾನಿ ಕಿಡಕ್ಯಾಗಿಂದ ನೋಡಿದ್ನಿ, ಕೈ ಕೊಳ್ಳಾಗ ಆಡಾಕತ್ತಿತ್ತು. ಅದನ್ನ ಹೇಳಾಕ ಎರಡ ಸಲ ಬಂದಿದ್ನಿ. ನೀವು ಬಾಗಲಾ ಹಾಕಿದ್ರಿ.’

ಅದರಲ್ಲಿ ಬೈಗುಳವಿರಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಅವರ ಕಾಲು ಹಿಡಿಯಬೇಕು ಅನ್ನಿಸಿತು, ಅದೂ ಆಗಲಿಲ್ಲ. ಚಾಚಾನನ್ನು ಮೂಡಲಗಿಗೆ ಒಯ್ಯುವ ಟೆಂಪೋ ಬಂದು ನಿಂತಿತು. ಚಾಚಿ ಎದ್ದು ಸೆರಗು ಸರಿಮಾಡಿಕೊಂಡು ‘ಈಗ ಒಳಗ ಹೋಗಲೇನ್ರಿ?’ ಎಂದು ನನ್ನನ್ನೇ ಕೇಳಿದರು. ಆ ಮೂರು ದಿನದಲ್ಲಿ ಮೊದಲ ಸಲ ನಾನು ಅವರಿಗೆ ಬಾಗಿಲು ತೆರೆದೆ.