ಹೋಗಿ ಬರುತ್ತೇನೆಂದ ಕೌನ್ಸಿಲ್ ಸದಸ್ಯರು

ಅಮೆರಿಕದ ಓಲ್ಡ್ ಬ್ರಿಡ್ಜ್ ಎಂಬ ಊರಿನ ಪಕ್ಕದ ಪುಟ್ಟ ಟೌನ್‌ಶಿಪ್ಪೊಂದರ ಕೌನ್ಸಿಲ್ ಸದಸ್ಯ ಇನಾಯತ್ ಉಲ್ಲಾ ರಾಜಕೀಯಕ್ಕೆ ಬಂದದ್ದು ಕಸದ ಡಬ್ಬಿಯ ದೆಸೆಯಿಂದ. ಬೀದಿಯ ಕಸ ಎತ್ತುತ್ತಿಲ್ಲವೆಂದು ದೂರು ಹೇಳಲು ಟೌನ್ ಹಾಲ್‌ಗೆ ಹೋದವರು, ಮಾತು ಮುಗಿಸಿ ಕೂರುವುದನ್ನೇ ಮರೆತರು. ಮುಂದಿನ ಚುನಾವಣೆಯಲ್ಲಿ ಜನ ಅವರನ್ನು ಗೆಲ್ಲಿಸಿದರು. ಕುರ್ಚಿ ಕೊಟ್ಟರಾದರೂ ಕೂತಾರೆಂಬ ಆಸೆ ಇದ್ದಿರಬೇಕು.

ಕಸ ಸರಿಯಾಯಿತು. ಶಾಲೆಯ ರಸ್ತೆಗೆ ಹಂಪ್ ಬಂತು. ಅಷ್ಟಕ್ಕೇ ಮನುಷ್ಯನಿಗೆ ದೇಶ ಆಳುವ ಹುಮ್ಮಸ್ಸು ಹುಟ್ಟಿ, ವಾಷಿಂಗ್ಟನ್ನಿನ ಕಾಂಗ್ರೆಸ್ಸಿಗೆ ಹೋಗಲು ಪಕ್ಷದ ಒಳಚುನಾವಣೆಗೆ ನಿಂತರು. “ಕಾಂಗ್ರೆಸ್ಸಾ? ಟಿಕೆಟ್ ಕೊಡ್ಸಿದ್ ಯಾರು ಭಾವ?” ಎಂದು ಮೈಸೂರಿನಿಂದ ಹೆಂಡತಿಯ ತಮ್ಮ ಮೋಯಿನ್ ಫೋನ್ ಮಾಡಿದ. ಅವನಿಗೆ ಬಿಡಿಸಿ ಹೇಳುವಷ್ಟರಲ್ಲಿ ಇವರು ಸೋತಾಗಿತ್ತು.

ಪ್ರಚಾರದ ನಡುವೆ ಎದೆನೋವು ಬಂದು, ಬೈಪಾಸ್ ಆಗಲೇಬೇಕೆಂದು ಡಾಕ್ಟರು ಹೇಳಿದ್ದರು. “ಪಾಲಿಟಿಕ್ಸ್ ಸಾಕು. ಎಲ್ಲರಿಗೂ ಥ್ಯಾಂಕ್ಸ್ ಹೇಳಿ, ಬಂದು ಆಪರೇಷನ್ ಮಾಡಿಸ್ಕೊಳ್ಳಿ” ಎಂದು ಹೆಂಡತಿ ಸಯೀದಾ ಪಟ್ಟು ಹಿಡಿದರು. ಅವರ ಮನೆಮಾತು ಉರ್ದು. ಮಕ್ಕಳಿಗೆ ತಿಳಿಯಬಾರದ ಜಗಳಗಳು ಮಾತ್ರ ಕನ್ನಡದಲ್ಲಿ. ಇನಾಯತ್ ಒಪ್ಪಿದರು.

ಸೋಲೊಪ್ಪಿಕೊಳ್ಳುವ ಭಾಷಣ ಚೆನ್ನಾಗಿಯೇ ಸಾಗಿತ್ತು. ಕೊನೆಯಲ್ಲಿ ಬೀಳ್ಕೊಳ್ಳಬೇಕಲ್ಲ? ಮೈಸೂರಿನಲ್ಲಿ ಹುಟ್ಟಿದವರು ಹೊಸಿಲಲ್ಲಿ ನಿಂತು ‘ಹೋಗ್ತೀನಿ’ ಎನ್ನುವುದಿಲ್ಲ. ಉರ್ದುವಿನಲ್ಲೂ ಇಲ್ಲ, ಕನ್ನಡದಲ್ಲೂ ಇಲ್ಲ. ಅದು ಹೆಣದ ಮಾತು. ಹಾಗಾಗಿ ಅವರು ಕೈ ಮೇಲೆತ್ತಿ, “ಐ ವಿಲ್ ಗೋ ಅಂಡ್ ಕಮ್” ಎಂದರು.

ಮತ್ತೆ ಬಂದು ನಿಲ್ಲುತ್ತಾರೆಂದು ತಿಳಿದ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಕೌನ್ಸಿಲ್ಲಿನ ಅವಧಿಯೂ ಮುಗಿಯುತ್ತಿತ್ತು, ಅದರ ಚುನಾವಣೆ ಹತ್ತಿರವಿತ್ತು. ಪಕ್ಷದವರು ಆ ಮಾತನ್ನೇ ಬೋರ್ಡಿನ ಮೇಲೆ ಅಚ್ಚು ಹಾಕಿಸಿ ಮನೆಗಳ ಮುಂದಿನ ಹುಲ್ಲುಹಾಸುಗಳಲ್ಲಿ ನೆಟ್ಟರು. ಇನಾಯತ್ ಇಲ್ಲವೆನ್ನಲಿಲ್ಲ. “ಇಷ್ಟು ಜನ ಕೇಳ್ತಿದಾರಲ್ಲ” ಎಂದು ಆಪರೇಷನ್ ಮುಂದಕ್ಕೆ ಹಾಕಿದರು. ಹೊಗಳಿಕೆಗೆ ಎದೆನೋವು ವಾಸಿಯಾಗುತ್ತದೆಂದು ನಂಬುವ ಜಾತಿ ಈ ರಾಜಕಾರಣಿಗಳದ್ದು.

ಸಯೀದಾ ಮುಂದಿನ ಕೌನ್ಸಿಲ್ ಮೀಟಿಂಗಿಗೆ ಹೋದರು. ಸಾರ್ವಜನಿಕರು ಮಾತಾಡುವ ಸರದಿಯಲ್ಲಿ ಮೈಕಿನ ಮುಂದೆ ನಿಂತು, ನಿಯಮದಂತೆ ಹೆಸರು, ವಿಳಾಸ ಹೇಳಿದರು. ವಿಳಾಸ ಸದಸ್ಯರದ್ದೇ ಎಂದು ಕ್ಲರ್ಕ್ ಗುರುತಿಸಿದರೂ ಬರೆದುಕೊಂಡಳು. “ಇವರು ನಿಲ್ತಾರೋ, ಬಿಡ್ತಾರೋ? ಎಲ್ಲರ ಮುಂದೆ ಸ್ಪಷ್ಟವಾಗಿ ಹೇಳಲಿ” ಎಂದು ಸಯೀದಾ ಇಂಗ್ಲಿಷಿನಲ್ಲಿ ಕೇಳಿದರು.

ಇನಾಯತ್ ಹೆಂಡತಿಯ ಮುಖ ನೋಡಿದರು. ಎದೆಯ ಮೇಲೆ ಕೈಯಿಟ್ಟುಕೊಂಡರು. ನಾಲಿಗೆ ಏಳದಿದ್ದರೂ ಎಬ್ಬಿಸಿ, “ಐ ಆಮ್ ಗೋಯಿಂಗ್” ಎಂದರು.

“ಥೂ! ಬಿಡ್ತು ಅನ್ರೀ!” ಸಯೀದಾ ಮೈಕಿನಲ್ಲೇ ಕಿರುಚಿದರು. “ಬರ್ತೀನಿ ಅನ್ನಿ! ಮೊದ್ಲು ಬರ್ತೀನಿ ಅನ್ನಿ!”

“ಬಿಡ್ತು, ಬಿಡ್ತು. ಹೋಗಿ ಬರ್ತೀನಿ” ಎಂದರು ಇನಾಯತ್. ಅರ್ಥವೇನೆಂದು ಅಧ್ಯಕ್ಷರು ಕೇಳಿದರು. ಸುಳ್ಳು ಹೇಳಲಾರದೆ ಇನಾಯತ್ ಅನುವಾದಿಸಿದರು. ಮತ್ತೆ ಚಪ್ಪಾಳೆ.

ವಾಪಸು ಹೋಗುವಾಗ ಕಾರನ್ನು ಸಯೀದಾ ಓಡಿಸಿದರು. “ಇಮೇಲ್ ಮಾಡ್ಬಿಡಿ. ನಿಲ್ಲಲ್ಲ ಅಂತ ಬರೆದ್ರೆ ಸಾಕು. ಬಾಯಲ್ಲಿ ಹೇಳೋದು ಬೇಡ” ಎಂದರು. ಮನೆ ತಲುಪುವ ಮೊದಲೇ ಇನಾಯತ್ ಇಮೇಲ್ ಕಳಿಸಿದರು. ಅವರ ರಾಜಕೀಯ ಜೀವನದಲ್ಲಿ ಅತ್ಯಂತ ಚಿಕ್ಕ ಹೇಳಿಕೆ ಅದು.

ಆಪರೇಷನ್ ದಿನ ಮಂಚವನ್ನು ಒಳಗೆ ತಳ್ಳುವಾಗ ಇನಾಯತ್ ಹೆಂಡತಿಯ ಬೆರಳು ಹಿಡಿದು, “ಹೋಗಿ ಬರ್ತೀನಿ” ಎಂದರು.

“ಬನ್ನಿ” ಎಂದರು ಸಯೀದಾ. ಬಾಗಿಲು ಮುಚ್ಚಿತು.

ಅವರು ಏನೆಂದರೆಂದು ನರ್ಸ್ ಕೇಳಿದಳು. ಸಯೀದಾ ದುಪಟ್ಟಾದಿಂದ ಕಣ್ಣೊರೆಸಿಕೊಂಡು ಇಂಗ್ಲಿಷಿನಲ್ಲಿ ಹೇಳಿದರು: “ಮತ್ತೆ ಎಲೆಕ್ಷನ್‌ಗೆ ನಿಲ್ತಾರಂತೆ.”